ಚೈನ್ ಟೈಟ್ ಮಾಡಿದರೆ ಮುಗೀತಾ?

"ಗಾಡಿ ತಿರುಗಿಸುವಾಗ ಅಡಿಯಲ್ಲಿ ಟಕ್ ಟಕ್ ಅಂತ ಬಡಿಯುತ್ತೆ ಮಾರಾಯ್ರೆ. ಚೈನ್ ಸ್ವಲ್ಪ ಟೈಟ್ ಮಾಡಿಕೊಡಿ, ಸಾಕು."

ವಾಸ್ಕೋದ ನಮ್ಮ ಗ್ಯಾರೇಜಿಗೆ ನೀರಲ್ಲೂ ನೆಲದಲ್ಲೂ ಓಡುವ, ಚೈನಿನಿಂದ ಚಕ್ರ ತಿರುಗುವ ಆರು ಚಕ್ರದ ಹಳೆ ಗಾಡಿ ತರುವವರು ಹೆಚ್ಚಾಗಿ ಹೇಳುವುದು ಇದನ್ನೇ. ಇಂಜಿನ್ ಜೋರಾಗಿ ಕೂಗಿದರೂ ಗಾಡಿ ಮುಂದೆ ಹೋಗದಿದ್ದರೆ ಮೊದಲು ಇಂಜಿನ್ನಿನಿಂದ ಗೇರ್‌ಬಾಕ್ಸಿಗೆ ಹೋಗುವ ಬೆಲ್ಟ್ ನೋಡಿ. ಒದ್ದೆಯಾದ ಬೆಲ್ಟ್ ಜಾರುತ್ತೆ, ಒಣಗಿಸಿದರೆ ಸರಿಹೋಗಬಹುದು. ಗಾಡಿ ತಾನಾಗಿ ಒಂದೇ ಕಡೆಗೆ ಎಳೆದರೆ ಆ ಬದಿಯ ಬ್ರೇಕ್ ಹಿಡಿದುಕೊಂಡಿದೆಯಾ ನೋಡಿ. ಆದರೆ ಟಕ್ ಟಕ್ ಸದ್ದು ಬಂದರೆ ಗೇರ್‌ಬಾಕ್ಸ್ ಬಿಚ್ಚುವ ಮೊದಲು ದಯವಿಟ್ಟು ಚೈನ್ ಅಳೆಯಿರಿ. ಟೈಟ್ ಮಾಡಬೇಡಿ, ಅಳೆಯಿರಿ.

ಚೈನ್ ಉದ್ದ ಆಗಿದೆ ಅಂತೀವಲ್ಲ, ಅಲ್ಲಿ ಪ್ಲೇಟು ಹಿಗ್ಗಿರುವುದಿಲ್ಲ. ಪ್ರತಿ ಕೊಂಡಿಯ ಪಿನ್ನು, ಬುಷ್ಷು ಸವೆದು ಒಂದೊಂದರಲ್ಲೂ ಕೂದಲೆಳೆಯಷ್ಟು ಸಂದು ಬಿದ್ದಿರುತ್ತದೆ. ಆಗ ರೋಲರಿನಿಂದ ರೋಲರಿಗೆ ಇರುವ ಅಂತರ ಜಾಸ್ತಿಯಾಗಿ, ಚೈನ್ ಸ್ಪ್ರಾಕೆಟ್ಟಿನ (ಚೈನ್ ಕೂರುವ ಹಲ್ಲಿನ ಗಾಲಿ) ಹಲ್ಲಿನ ಬುಡದಲ್ಲಿ ಕೂರದೆ ಮೇಲೇರುತ್ತದೆ. ಲೋಡ್ ಬಿದ್ದಾಗ ಚೈನ್ ಹಲ್ಲು ದಾಟಿ ಹಾರುತ್ತೆ. ಅದೇ ಆ ಸದ್ದು. ಟೈಟ್ ಮಾಡಿದರೆ ಜೋಲು ಹೋಗುತ್ತೆ, ಅಂತರ ಹಾಗೇ ಇರುತ್ತೆ.

ಇನ್ನೊಂದು ತೊಂದರೆ ಇದೆ. ಹಳೆ ಚೈನ್ ಎಲ್ಲ ಕಡೆ ಒಂದೇ ಸಮ ಸವೆದಿರುವುದಿಲ್ಲ. ಜೋಲಾಗಿರುವ ಜಾಗ ನೋಡಿ ಬಿಗಿದರೆ, ಚಕ್ರ ಸ್ವಲ್ಪ ತಿರುಗಿದ ಮೇಲೆ ಬಿಗಿಯಾದ ಭಾಗ ಬಂದು ಆಕ್ಸಲನ್ನು ಎಳೆದು ಹಿಡಿಯುತ್ತದೆ. ಬೇರಿಂಗ್ ಹೋಗುವುದು ಹೀಗೇ. ಅದಕ್ಕೇ ಇಂಜಿನ್ ಆಫ್ ಮಾಡಿ, ಗಾಡಿಯನ್ನು ಸ್ಟ್ಯಾಂಡ್ ಮೇಲೆ ಎತ್ತಿ, ನ್ಯೂಟ್ರಲ್‌ನಲ್ಲಿಟ್ಟು, ಚಕ್ರವನ್ನು ಕೈಯಲ್ಲಿ ಪೂರ್ತಿ ಸುತ್ತಿಸಿ ನೋಡಬೇಕು. ಬೆರಳು ಚೈನಿನ ಹತ್ತಿರ ಹೋಗಬಾರದು.

ಉದಾಹರಣೆಗೆ, ಹೊಸ 50 ನಂಬರ್ ಚೈನಿನ ಪಿಚ್, ಅಂದರೆ ರೋಲರಿನಿಂದ ರೋಲರಿಗೆ ಇರುವ ಅಂತರ, 15.875 ಮಿ.ಮೀ. ಎಳೆದು ಹಿಡಿದರೆ 16 ಪಿಚ್‌ಗೆ ಸರಿಯಾಗಿ 254 ಮಿ.ಮೀ. ಬರಬೇಕು. 261 ದಾಟಿದ್ದರೆ ಅದನ್ನು ಬಿಸಾಕಿ. ಹೊಂದಿಸಲು ಜಾಗವೇ ಇಲ್ಲದ ಗಾಡಿಗಳಲ್ಲಿ ನಾನು 258ಕ್ಕೇ ಬದಲಿಸಿ ಅನ್ನುತ್ತೇನೆ. ಮಾಡೆಲ್‌ನಿಂದ ಮಾಡೆಲ್‌ಗೆ ಚೈನ್ ನಂಬರ್ ಬೇರೆ ಇರುತ್ತೆ, ಸೈಡ್ ಪ್ಲೇಟ್ ಮೇಲೆ ಕೊರೆದಿರುವುದನ್ನು ಓದಿಕೊಳ್ಳಿ.

ಅಂಕೋಲಾ ಕಡೆಯವರೊಬ್ಬರು ದಿವಾರ್ ದ್ವೀಪದಲ್ಲಿ ತೋಟ ನೋಡಿಕೊಳ್ಳುತ್ತಾರೆ. ನಮ್ಮೂರ ಕಡೆಯ ಗಜನಿಯಂಥದೇ ಖಾಜನ್ ಗದ್ದೆ, ಉಪ್ಪುನೀರು ಬಂದು ಹೋಗುವ ಜಾಗ. ಹೊಸ ಚೈನ್ ಹಾಕಿಸಿದ್ದರು, ಆದರೂ ಒಂದೇ ಸೀಸನ್ನಿನಲ್ಲಿ ಸದ್ದು ವಾಪಸ್. ಟಬ್ಬಿನ (ದೋಣಿಯಂಥ ಗಾಡಿಯ ಬಾಡಿ) ಮೇಲಿನ ಫ್ಲೋರ್ ತೆಗೆದರೆ ಸ್ಪ್ರಾಕೆಟ್ ಹಳೆಯದೇ, ಹಲ್ಲುಗಳು ಒಂದೇ ಕಡೆಗೆ ಗಾಳದ ಹಾಗೆ ಬಾಗಿದ್ದವು. ಅಂಥ ಹಲ್ಲಿಗೆ ಹೊಸ ಚೈನ್ ಹಾಕಿದರೆ ಚೈನೂ ಬೇಗ ಹಾಳಾಗುತ್ತೆ. ಪಾಪ, ದುಡ್ಡು ಉಳಿಸಲು ಹೊರಟ ಮನುಷ್ಯ.

ಅದೇ ಗಾಡಿಯಲ್ಲಿ ಮುಂದಿನ ಎರಡು ಟೈರ್ ಹೊಸದು, ಉಳಿದವು ಸವೆದವು. ಒಂದು ಬದಿಯ ಮೂರೂ ಚಕ್ರ ಚೈನಿನಲ್ಲಿ ಕಟ್ಟಿಹಾಕಿದ್ದು, ಮೂರೂ ಒಂದೇ ಸಮ ಸುತ್ತು ತಿರುಗಲೇಬೇಕು. ಅಳತೆ ಬೇರೆಯಾದರೆ ಒಂದು ಟೈರ್ ಉಜ್ಜಿಕೊಂಡು ಹೋಗುತ್ತೆ, ಆ ಜಗ್ಗಾಟವೆಲ್ಲ ಚೈನಿಗೆ. ಕೆಸರಿನಲ್ಲಿ ನಡೆದುಹೋಗುತ್ತೆ, ಟಾರು ರಸ್ತೆಯಲ್ಲಿ ನಡೆಯುವುದಿಲ್ಲ. ಟೈರ್ ಬದಲಿಸಿದರೆ ಜೊತೆಯಲ್ಲೇ ಬದಲಿಸಿ, ಗಾಳಿಯೂ ಸಮ ಇರಲಿ.

ಉಪ್ಪುನೀರಿನಿಂದ ಬಂದ ದಿನವೇ ಡ್ರೈನ್ ಪ್ಲಗ್ ತೆಗೆದು ಟಬ್ಬನ್ನು ಸಿಹಿನೀರಲ್ಲಿ ತೊಳೆದು, ಒಣಗಿಸಿ, ಚೈನಿಗೆ ಎಣ್ಣೆ ಬಿಡಿ. ಬೇರಿಂಗಿಗೆ ಗ್ರೀಸ್ ಹೊಡೆಯುವಾಗ ಮಾತ್ರ ಮ್ಯಾನುಯಲ್ ನೋಡಿ. ಜಾಸ್ತಿ ಒತ್ತಿದರೆ ಕೆಲವು ಗಾಡಿಗಳಲ್ಲಿ ಸೀಲ್ ಕಿತ್ತುಬರುತ್ತೆ. ಇನ್ನು ಚೈನ್ ತರಿಸುವ ಮೊದಲು ಹಳೆ ಸ್ಪ್ರಾಕೆಟ್ಟಿನ ಹಲ್ಲು ಎಣಿಸಿ, ಫೋಟೋ ತೆಗೆದು ನನಗೆ ಕಳಿಸಿ.