ಮೀನು ಸಿಗದ ದಿನವನ್ನೂ ಬರೆದಿಡಿ

ಕಾವೇರಿಯ ಗಾಳಿಬೋರೆಯಲ್ಲಿ ಹವ್ಯಾಸಕ್ಕಾಗಿ ಗಾಳ ಹಾಕುತ್ತಿದ್ದವರು, ಹಿಡಿದ ಮಹಶೀರ್ ಮೀನಿನ ತೂಕವನ್ನು ಬರೆದಿಟ್ಟು ಅದನ್ನು ಜೀವಂತವಾಗಿ ಹೊಳೆಗೇ ಬಿಡುತ್ತಿದ್ದರು. 1998ರಿಂದ 2012ರವರೆಗಿನ ಆ ದಾಖಲೆಯಲ್ಲಿದ್ದ 6 ಸಾವಿರಕ್ಕೂ ಹೆಚ್ಚು ಮೀನುಗಳ ಲೆಕ್ಕವನ್ನು ವಿಜ್ಞಾನಿಗಳು ಪರಿಶೀಲಿಸಿದಾಗ, ಗಾಳಕ್ಕೆ ಸಿಗುವ ಮೀನುಗಳ ಸಂಖ್ಯೆ ಏರಿದ್ದು ಕಂಡುಬಂತು. ಆದರೆ ಏರಿದ್ದು ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್. ಕಾವೇರಿ ಕೊಳ್ಳವನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ, ಕಿತ್ತಳೆ ರೆಕ್ಕೆಯ ಡುಬ್ಬದ ಮಹಶೀರ್ ಸಿಗುವುದು ಹೆಚ್ಚುಕಡಿಮೆ ನಿಂತೇ ಹೋಗಿತ್ತು. 1946ರಲ್ಲಿ ಕಬಿನಿಯಲ್ಲಿ 54 ಕಿಲೋ ತೂಗಿದ ಮೀನು ಸಿಕ್ಕಿದ್ದ ನದಿವ್ಯವಸ್ಥೆಯ ಸ್ಥಿತಿಯಿದು. 2018ರಲ್ಲಿ ಆ ಜಾತಿ ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿತು.

ಮರಿಗಳನ್ನು ತಂದು ಬಿಟ್ಟವರ ಉದ್ದೇಶ ಒಳ್ಳೆಯದೇ ಆಗಿತ್ತೆಂದು ನಾನು ನಂಬುತ್ತೇನೆ. ಆದರೂ ಬೇರೆ ನದಿಯ ಮರಿಯನ್ನು ಬಿಡುವುದು ನದಿಯ ಸೇವೆಯಲ್ಲ ಎಂಬುದನ್ನು ಗಾಳಗಾರರ ಮುಂದೆ ನಾನು ಮೊದಲು ಹೇಳುತ್ತೇನೆ.

ಗಾಳಿಬೋರೆ ಇರುವ ಅಭಯಾರಣ್ಯದೊಳಗೆ ಗಾಳ ಹಾಕುವುದು ನಿಂತಿದೆ; ಅದನ್ನು ಮತ್ತೆ ತೆರೆಯಿರಿ ಎಂಬುದು ನನ್ನ ವಾದವಲ್ಲ. ಆದರೆ ಅಲ್ಲಿ ಗಾಳಗಾರರ ಶಿಬಿರಗಳಿದ್ದಾಗ ದಡದ ಹಳ್ಳಿಗಳ ಜನರಿಗೆ, ಹಿಂದೆ ಅಕ್ರಮವಾಗಿ ಮೀನು ಹಿಡಿಯುತ್ತಿದ್ದ ಕೆಲವರಿಗೂ, ಮಾರ್ಗದರ್ಶಿಯ ಕೆಲಸ ಸಿಕ್ಕಿ, ಮೀನು ಕೊಲ್ಲಲು ನೀರಿನಲ್ಲಿ ತೋಟೆ ಸಿಡಿಸುವವರ ಮೇಲೆ ಹಗಲಿರುಳೂ ಕಣ್ಣಿಡುವವರು ಹೊಳೆಯಲ್ಲೇ ಇದ್ದರು. ಅನುಮತಿಯಿರುವ ಇತರ ನೀರಿನಲ್ಲಾದರೂ ಆ ಕಾವಲು ಉಳಿಯಬೇಕಾದರೆ ಗಾಳಗಾರರನ್ನು ದೂರವಿಡದೆ ಜೊತೆಗೆ ಕರೆದುಕೊಳ್ಳಬೇಕು.

ಹಿಡಿದು ಬಿಟ್ಟರೆ ಮೀನು ಬದುಕಿಯೇ ಬದುಕುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ಕೈಯನ್ನು ಅವಲಂಬಿಸಿದೆ. ಕೊಕ್ಕೆಯ ಹಿಮ್ಮುಳ್ಳನ್ನು, ಅಂದರೆ ತುದಿಯ ಬಳಿ ಹಿಂದಕ್ಕೆ ಚಾಚಿದ ಚಿಕ್ಕ ಮುಳ್ಳನ್ನು, ಇಕ್ಕಳದಿಂದ ಮೊದಲೇ ಒತ್ತಿ ಚಪ್ಪಟೆ ಮಾಡಿದ್ದರೆ ಬಾಯಿ ಹರಿಯದೆ ಕೊಕ್ಕೆ ಕಳಚಿಕೊಳ್ಳುತ್ತದೆ. ಒಣ ಕೈ ತಾಗಿದರೆ ಮೈಮೇಲಿನ ಲೋಳೆ ಕಿತ್ತು ಸೋಂಕಿಗೆ ದಾರಿಯಾಗುತ್ತದೆ. ಕಿವಿರಿಗೆ ಬೆರಳು ಹಾಕಿ ಎತ್ತಲೇಬಾರದು. ಸೆಣಸಿ ಸುಸ್ತಾದ ಮೀನನ್ನು ನೀರಿನಲ್ಲೇ ನೇರವಾಗಿ, ಹರಿವಿಗೆ ಮುಖಮಾಡಿ ಹಿಡಿದು, ಅದು ತಾನಾಗಿ ಬಾಲ ಬೀಸಿ ಕೈಯಿಂದ ಜಾರುವವರೆಗೆ ಕಾಯಬೇಕು. ಕಡಿದ ನೈಲಾನ್ ದಾರವನ್ನು ಬಂಡೆಗಳ ನಡುವೆ ಬಿಡದೆ ಸುತ್ತಿ ತರಬೇಕು, ಏಕೆಂದರೆ ಹಕ್ಕಿಯ ಕಾಲಿಗೂ ನೀರುನಾಯಿಗೂ ಅದು ಉರುಳಾಗುತ್ತದೆ.

ಗಾಳಗಾರರು ದಾಖಲೆ ಬರೆದಿಡುವ ಪುಸ್ತಕದಲ್ಲಿ ಜಾತಿ, ರೆಕ್ಕೆಯ ಬಣ್ಣ ಮತ್ತು ತೂಕದ ಜೊತೆಗೆ ಗಾಳ ಹಾಕಿದ ಗಂಟೆಗಳನ್ನೂ, ಏನೂ ಸಿಗದೆ ಹಿಂತಿರುಗಿದ ದಿನವನ್ನೂ ಬರೆಯಿರಿ ಎಂದು ನಾನು ಒತ್ತಾಯಿಸುತ್ತೇನೆ. ಗಾಳಿಬೋರೆಯ ದಾಖಲೆಯಲ್ಲಿ ಮೀನಿನ ಜೊತೆಗೆ ಗಂಟೆಗಳ ಲೆಕ್ಕವೂ ಇದ್ದುದರಿಂದಲೇ ಏರಿಳಿತ ಅಳತೆಗೆ ಸಿಕ್ಕಿತು.