ಸಕ್ಕರೆ ‘ಮೆಲ್ಟ್’ ಆಯಿತಾ, ‘ಡಿಸಾಲ್ವ್’ ಆಯಿತಾ? ಇಂಗ್ಲಿಷಿನಲ್ಲಿ ವಿಜ್ಞಾನ ಕಲಿಯುವ ಕನ್ನಡದ ಮಕ್ಕಳ ಬಗ್ಗೆ ಒಂದು ಟಿಪ್ಪಣಿ

ಬಿ.ಎಡ್.ನಲ್ಲಿ ವಿಜ್ಞಾನ ಬೋಧನೆಯ ಪೇಪರಿಗೆ ಓದುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬೋಧನಾ ಮಾಧ್ಯಮದ ಅಧ್ಯಾಯದಲ್ಲಿ ವ್ಯಾಖ್ಯೆಗಳು ಬೇಕಾದಷ್ಟಿವೆ, ಅವನ್ನು ಓದಿಕೊಳ್ಳಿ. ಆದರೆ ನನಗೆ ಆ ಅಧ್ಯಾಯ ನಿಜವಾಗಿ ಅರ್ಥವಾಗಿದ್ದು ಒಂದು ಹುಡುಗಿಯ ನೋಟ್‌ಬುಕ್ಕಿನಿಂದ.

ಟೀಚಿಂಗ್ ಪ್ರಾಕ್ಟೀಸಿನಲ್ಲಿ ನನಗೆ ಒಂಬತ್ತನೇ ತರಗತಿ ಸಿಕ್ಕಿತ್ತು. ಏಳರವರೆಗೆ ಕನ್ನಡದಲ್ಲಿ ಓದಿ, ಎಂಟಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಬಂದ ಮಕ್ಕಳೇ ಅಲ್ಲಿ ಜಾಸ್ತಿ. ದ್ರಾವಣದ ಪಾಠ ಮುಗಿಸಿ ಬರೆಯೋಕೆ ಕೊಟ್ಟೆ. ಆ ಹುಡುಗಿ ‘ಶುಗರ್ ಮೆಲ್ಟ್ಸ್ ಇನ್ ವಾಟರ್’ ಅಂತ ಬರೆದಿದ್ದಳು. ಕೆಂಪು ಇಂಕಿನಲ್ಲಿ ಹೊಡೆದು ಹಾಕಿದೆ. ಮುಂದಿನ ನೋಟ್‌ಬುಕ್ಕಿನಲ್ಲೂ ಅದೇ. ಅದರ ಮುಂದಿನದರಲ್ಲೂ ಅದೇ. ಇಷ್ಟು ಜನ ಒಂದೇ ಥರ ತಪ್ಪು ಮಾಡಿದ್ದಾರೆ ಅಂದರೆ ಅದು ಅಜಾಗರೂಕತೆ ಅಲ್ಲ, ಎಲ್ಲರೂ ಒಂದೇ ಕಡೆಯಿಂದ ಅದನ್ನು ತಂದಿದ್ದಾರೆ ಅಂತ ಆಗ ಹೊಳೆಯಿತು.

ಎಲ್ಲಿಂದ ಅಂದರೆ, ನಮ್ಮ ‘ಕರಗು’ ಅನ್ನೋ ಮಾತಿನಿಂದ. ಬೆಣ್ಣೆ ಕರಗುತ್ತದೆ, ಐಸ್ ಕರಗುತ್ತದೆ, ಉಪ್ಪು ನೀರಿನಲ್ಲಿ ಕರಗುತ್ತದೆ. ಕನ್ನಡದಲ್ಲಿ ಎಲ್ಲಕ್ಕೂ ಒಂದೇ ಕ್ರಿಯಾಪದ. ಇಂಗ್ಲಿಷಿನಲ್ಲಿ ಬೆಣ್ಣೆ ‘ಮೆಲ್ಟ್’ ಆಗುತ್ತದೆ, ಉಪ್ಪು ‘ಡಿಸಾಲ್ವ್’ ಆಗುತ್ತದೆ. ಪಠ್ಯಪುಸ್ತಕದ ಕನ್ನಡದಲ್ಲಿ ‘ವಿಲೀನ’ ಅಂತ ಇದೆ, ನಿಜ. ಆದರೆ ಅಡುಗೆ ಮನೆಯಲ್ಲಿ ನಿಂತು ‘ಸಕ್ಕರೆ ವಿಲೀನವಾಯಿತಾ’ ಅಂತ ಯಾರೂ ಕೇಳಲ್ಲ ಅಲ್ವಾ?

ಈಗ ಮುಖ್ಯ ಪ್ರಶ್ನೆ. ಆ ಹುಡುಗಿಗೆ ಗೊತ್ತಿಲ್ಲದ್ದು ವಿಜ್ಞಾನವೋ, ಇಂಗ್ಲಿಷ್ ಪದವೋ? ಎರಡಕ್ಕೂ ಮದ್ದು ಬೇರೆ ಬೇರೆ, ಹಾಗಾಗಿ ಇದನ್ನು ತಿಳಿಯದೆ ತಿದ್ದೋಕೆ ಹೋಗಬಾರದು. ಮರುದಿನ ಅವಳನ್ನು ಕನ್ನಡದಲ್ಲೇ ಕೇಳಿದೆ: ಬೆಣ್ಣೆ ಕರಗೋದಕ್ಕೂ ಉಪ್ಪು ಕರಗೋದಕ್ಕೂ ಏನು ವ್ಯತ್ಯಾಸ? ಅವಳು ತಡ ಮಾಡಲಿಲ್ಲ. ‘ಬೆಣ್ಣೆ ಅದೊಂದೇ ಇದ್ರೂ ಕರಗುತ್ತೆ ಮಿಸ್, ಒಲೆ ಮೇಲಿಟ್ರೆ ಸಾಕು. ಉಪ್ಪಿಗೆ ನೀರು ಬೇಕು.’

ಪಾಠದ ತಿರುಳೆಲ್ಲಾ ಈ ಉತ್ತರದಲ್ಲಿದೆ. ಮೆಲ್ಟ್ ಆಗೋಕೆ ಒಂದು ವಸ್ತು ಮತ್ತು ಶಾಖ ಸಾಕು. ಡಿಸಾಲ್ವ್ ಆಗೋಕೆ ಎರಡು ವಸ್ತು ಬೇಕೇ ಬೇಕು. ಬೋರ್ಡಿನ ಮೇಲೆ ಎರಡು ಕಾಲಂ ಹಾಕಿ ಅವಳ ಮಾತನ್ನೇ ಬರೆದೆ, ಪದಗಳನ್ನು ಮಾತ್ರ ನಾನು ಸೇರಿಸಿದೆ. ಜೊತೆಗೆ ಒಂದು ಅಂಕಿ ಕೊಟ್ಟೆ: ಅಡುಗೆ ಉಪ್ಪು ಮೆಲ್ಟ್ ಆಗೋದು 801 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸಾರು ಕುದಿಯೋದು ಹೆಚ್ಚು ಕಡಿಮೆ 100ರಲ್ಲಿ. ಹಾಗಾದರೆ ಸಾರಿಗೆ ಹಾಕಿದ ಉಪ್ಪಿಗೆ ಏನಾಯಿತು ಅಂತ ಕೇಳಿದರೆ ಇಡೀ ಕ್ಲಾಸು ‘ಡಿಸಾಲ್ವ್’ ಅಂತ ಕೂಗಿತು.

ಪರೀಕ್ಷೆಗೆ ಬೇಕಾದ ಸಿದ್ಧಾಂತ ಇಲ್ಲಿ ಕೂರುತ್ತದೆ. ಕೆನಡಾದ ಶಿಕ್ಷಣ ಸಂಶೋಧಕ ಜಿಮ್ ಕಮಿನ್ಸ್ 1979ರಲ್ಲಿ ಎರಡು ಬಗೆಯ ಭಾಷೆಯನ್ನು ಬೇರೆ ಮಾಡಿ ತೋರಿಸಿದರು. ಒಂದು, ದಿನನಿತ್ಯದ ಮಾತುಕತೆಯ ಭಾಷೆ. ಹೊಸ ಭಾಷೆಯ ನಡುವೆ ಬದುಕುವ ಮಗುವಿಗೆ ಅದು ಸುಮಾರು 2 ವರ್ಷದಲ್ಲಿ ಬರುತ್ತದೆ. ಇನ್ನೊಂದು, ಕಾರಣ ಹೇಳುವ, ಹೋಲಿಸುವ, ವಾದ ಮಾಡುವ ಪಾಠದ ಭಾಷೆ. ಅದಕ್ಕೆ 5ರಿಂದ 7 ವರ್ಷ ಬೇಕಾಗುತ್ತದೆ. ಈಗ ನಮ್ಮ ಪಿಯುಸಿ ನೆನಪು ಮಾಡಿಕೊಳ್ಳಿ. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿ ಸೈನ್ಸ್ ತೆಗೆದುಕೊಂಡ ಮಗುವಿಗೆ ಸಿಗೋದು ಒಟ್ಟು 2 ವರ್ಷ, ಅದೂ ಕ್ಲಾಸ್ ರೂಮಿನ ಹೊರಗೆ ಇಂಗ್ಲಿಷ್ ಕಿವಿಗೇ ಬೀಳದ ಊರಿನಲ್ಲಿ. ಫಸ್ಟ್ ಪಿಯುಸಿಯ ಮೊದಲ ಟೆಸ್ಟಿನಲ್ಲಿ ಮಾರ್ಕ್ಸ್ ಬಿದ್ದ ತಕ್ಷಣ ‘ನಿನಗೆ ಸೈನ್ಸ್ ಆಗಲ್ಲ’ ಅಂತ ಹೇಳೋದು ಎಷ್ಟು ದೊಡ್ಡ ಅನ್ಯಾಯ ಅಂತ ನನಗೆ ಈ ಲೆಕ್ಕ ನೋಡಿದ ಮೇಲೆ ಅನ್ನಿಸಿತು.

‘ಕರಗು’ವಿನ ಉಲ್ಟಾ ಕೂಡ ಇದೆ. ಕೆಲವು ಕಡೆ ಕನ್ನಡದಲ್ಲೇ ಎರಡು ಪದ, ಇಂಗ್ಲಿಷಿನಲ್ಲಿ ಒಂದೇ. ಊಟದ್ದು ಉಪ್ಪು, ರಸಾಯನ ವಿಜ್ಞಾನದ್ದು ಲವಣ, ಇಂಗ್ಲಿಷಿನಲ್ಲಿ ಎರಡೂ ‘ಸಾಲ್ಟ್’. ಬಸ್ಸಿನವರು ನಿರ್ವಾಹಕರು, ತಾಮ್ರದ ತಂತಿ ವಾಹಕ, ಅಲ್ಲಿ ಎರಡೂ ‘ಕಂಡಕ್ಟರ್’. ಇಂಥ ಕಡೆ ಕನ್ನಡ ಪದ ಹೇಳಿಬಿಟ್ಟರೆ ಅರ್ಧ ಗೊಂದಲ ಅಲ್ಲೇ ಹೋಗುತ್ತದೆ. ಕನ್ನಡ ಬಳಸಿದರೆ ಇಂಗ್ಲಿಷ್ ಕೆಡುತ್ತದೆ ಅನ್ನುವವರಿಗೆ ಈ ಉದಾಹರಣೆ ತೋರಿಸಿ.

ಇನ್ನೂ ಕಷ್ಟದ್ದು ‘ಕರೆಂಟ್’. ಇದು ಆಗಲೇ ನಮ್ಮ ಮನೆಮಾತಾಗಿದೆ, ಹಾಗಾಗಿ ಮಕ್ಕಳಿಗೆ ಗೊತ್ತು ಅಂತ ಟೀಚರ್ ಮುಂದೆ ಹೋಗಿಬಿಡುತ್ತಾರೆ. ಕರೆಂಟ್ ಹೋಯ್ತು, ಕರೆಂಟ್ ಹೊಡೀತು, ಕರೆಂಟ್ ಬಿಲ್ ಬಂತು. ಬಿಲ್ಲಿನಲ್ಲಿ ನಾವು ದುಡ್ಡು ಕೊಡೋದು ಯೂನಿಟ್ ಲೆಕ್ಕದಲ್ಲಿ, ಒಂದು ಯೂನಿಟ್ ಅಂದರೆ ಒಂದು ಕಿಲೋವ್ಯಾಟ್ ಅವರ್, ಅದು ಶಕ್ತಿಯ ಅಳತೆ. ಪುಸ್ತಕದ ‘ಕರೆಂಟ್’ ಅಂದರೆ ವಿದ್ಯುತ್ ಪ್ರವಾಹ, ಅದನ್ನು ಅಳೆಯೋದು ಆಂಪಿಯರ್‌ನಲ್ಲಿ. ಮನೆಯಿಂದ ಬಿಲ್ಲು ತರಿಸಿ ಅದರಲ್ಲಿ ಆಂಪಿಯರ್ ಲೆಕ್ಕಕ್ಕೆ ದುಡ್ಡು ಎಲ್ಲಿ ಹಾಕಿದ್ದಾರೆ ಹುಡುಕಿ ಅಂದರೆ ಸಾಕು, ಮಕ್ಕಳೇ ಪ್ರಶ್ನೆ ಕೇಳೋಕೆ ಶುರು ಮಾಡುತ್ತಾರೆ.

ಪಾರಿಭಾಷಿಕ ಪದಗಳ ಬಗ್ಗೆ ಅಷ್ಟು ಹೆದರಬೇಡಿ. ‘ಫೋಟೋಸಿಂಥೆಸಿಸ್’ ಎಲ್ಲರಿಗೂ ಹೊಸದು, ಟೀಚರ್ ನಿಂತು ಬಿಡಿಸಿ ಹೇಳುತ್ತಾರೆ. ಎಡವೋದು ಅದರ ಪಕ್ಕದ ಸಾದಾ ಪದಗಳಲ್ಲಿ. ಗ್ಲಾಸ್ಗೋದ ಸಂಶೋಧಕರಾದ ಕ್ಯಾಸೆಲ್ಸ್ ಮತ್ತು ಜಾನ್‌ಸ್ಟನ್ 1980ರ ದಶಕದಲ್ಲೇ ಇದನ್ನು ತೋರಿಸಿದ್ದರು, ಇಂಗ್ಲಿಷ್ ಮನೆಮಾತಾಗಿರುವ ಮಕ್ಕಳೂ ಇಲ್ಲಿ ಎಡವುತ್ತಾರೆ. ನಮ್ಮಲ್ಲಿ ನಾನು ಕಂಡವು ‘ರೆಸ್ಪೆಕ್ಟಿವ್ಲಿ’, ‘ನೆಗ್ಲಿಜಿಬಲ್’, ‘ಅನ್‌ಲೆಸ್’. ‘ಕ್ರಮವಾಗಿ’, ‘ಲೆಕ್ಕಕ್ಕೆ ಬಾರದಷ್ಟು’ ಅಂತ ಒಮ್ಮೆ ಹೇಳಿದರೆ ಮುಖ ಅರಳುತ್ತದೆ. ಪಾಠ ಯೋಜನೆ ಬರೆಯುವಾಗ ಇಂಥ ಪದಗಳಿಗೆ ಒಂದು ಸಾಲು ಮೀಸಲಿಡಿ.

ಹಾಗಂತ ಇಡೀ ಪಾಠವನ್ನು ಸಾಲು ಸಾಲಾಗಿ ಅನುವಾದ ಮಾಡಬೇಡಿ. ಎಲ್ಲಾ ಕಡೆ ನಡೆಯೋದು ಅದೇ, ಉಪಯೋಗ ತೀರಾ ಕಡಿಮೆ. ಇಂಗ್ಲಿಷ್ ಸಾಲು ಬಂದಾಗ ಮಕ್ಕಳು ಸುಮ್ನೆ ಕೂತು ಕನ್ನಡಕ್ಕೆ ಕಾಯುತ್ತಾರೆ. ವೇಲ್ಸ್‌ನಲ್ಲಿ ಕೆನ್ ವಿಲಿಯಮ್ಸ್ ಅನ್ನುವ ಶಿಕ್ಷಣ ತಜ್ಞರು 1990ರ ದಶಕದಲ್ಲಿ ಬೇರೆ ದಾರಿ ಹೇಳಿದರು. ಒಂದು ಭಾಷೆಯಲ್ಲಿ ಓದಲಿ ಅಥವಾ ಕೇಳಲಿ, ಇನ್ನೊಂದು ಭಾಷೆಯಲ್ಲಿ ಮಾತಾಡಲಿ ಅಥವಾ ಬರೆಯಲಿ. ಆಗ ಅರ್ಥವಾಗದೆ ದಾಟೋಕೆ ಆಗಲ್ಲ. ಇದಕ್ಕೆ ಟ್ರಾನ್ಸ್‌ಲ್ಯಾಂಗ್ವೇಜಿಂಗ್ ಅಂತ ಹೆಸರು. ನಾನು ಮಾಡಿದ್ದು ಹೀಗೆ: ಇಂಗ್ಲಿಷಿನ ಒಂದು ಪ್ಯಾರಾ ಓದಿಸಿದೆ, ನಾಲ್ಕು ನಾಲ್ಕು ಜನ ಕೂತು ಕನ್ನಡದಲ್ಲಿ ಜಗಳ ಆಡಲಿ ಅಂತ ಬಿಟ್ಟೆ, ಕೊನೆಗೆ ಇಂಗ್ಲಿಷಿನಲ್ಲಿ ಎರಡೇ ವಾಕ್ಯ ಬರೆಯಿರಿ ಅಂದೆ. ವಾಕ್ಯದ ಅಸ್ಥಿಪಂಜರ ನಾನೇ ಕೊಟ್ಟಿದ್ದೆ, ‘ವೆನ್ ... ಇನ್‌ಕ್ರೀಸಸ್, ... ಡಿಕ್ರೀಸಸ್’ ಅನ್ನೋ ಥರದ್ದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅಲ್ಲಿ ನಡುವೆ ಬರುತ್ತದೆ, ಆ ಜಾಗ ತೋರಿಸಿಕೊಟ್ಟರೆ ಉಳಿದದ್ದನ್ನು ಅವರೇ ತುಂಬುತ್ತಾರೆ. ಅಂದಹಾಗೆ, ವಿಜ್ಞಾನಕ್ಕೂ ಗಣಿತಕ್ಕೂ ಒಳ್ಳೆಯ ದ್ವಿಭಾಷಾ ಪುಸ್ತಕ ತಯಾರಿಸಬೇಕು ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಇದೆ. ಉತ್ತರದಲ್ಲಿ ಸೇರಿಸಿ.

ತಿದ್ದುವಾಗ ಈಗ ನಾನು ಎರಡು ಇಂಕ್ ಬಳಸುತ್ತೇನೆ. ವಿಜ್ಞಾನಕ್ಕೆ ಒಂದು, ಇಂಗ್ಲಿಷಿಗೆ ಇನ್ನೊಂದು. ಮಾರ್ಕ್ಸ್ ಕಳೆಯೋದು ಮೊದಲನೆಯದಕ್ಕೆ ಮಾತ್ರ.

ಆ ಹುಡುಗಿ ಎರಡು ಕಾಲಂ ಬರೆದುಕೊಂಡು ತುಂಬಾ ಹೊತ್ತು ಅದನ್ನೇ ನೋಡುತ್ತಿದ್ದಳು. ಆಮೇಲೆ ಕೈ ಎತ್ತಿದಳು. ‘ಮಿಸ್, ದೇವರ ಮನೇಲಿ ಡಬ್ಬಿ ಮುಚ್ಚಳ ತೆಗೆದಿಟ್ರೆ ಕರ್ಪೂರ ಕರಗಿ ಹೋಗುತ್ತಲ್ಲ, ಅಲ್ಲಿ ಬಿಸೀನೂ ಇಲ್ಲ, ನೀರೂ ಇಲ್ಲ. ಅದು ಯಾವ ಕಡೆ?’ ನಾನು ಚಾಕ್‌ಪೀಸ್ ತೆಗೆದುಕೊಂಡು ಮೂರನೇ ಕಾಲಂ ಹಾಕಿದೆ.