ಚಂಡಮಾರುತ ಗುಜರಾತಿಗೆ ಹೋಗುತ್ತದಂತೆ, ನಾವು ಯಾಕೆ ಮನೆ ಬಿಡಬೇಕು?

ಓದುಗರ ಪ್ರಶ್ನೆ: ಮಲ್ಪೆ ಪಡುಕೆರೆಯಲ್ಲಿ ನಮ್ಮ ಮನೆ. ಅಂಗಳ ದಾಟಿದರೆ ಕಡಲು. ಚಂಡಮಾರುತ ಗುಜರಾತಿಗೆ ಹೋಗುತ್ತದೆ ಎಂದು ಟಿವಿಯಲ್ಲಿ ಹೇಳುತ್ತಾರೆ, ಪಂಚಾಯತ್‌ನವರು ಬಂದು ಮನೆ ಖಾಲಿ ಮಾಡಿ ಎನ್ನುತ್ತಾರೆ. ಅತ್ತೆ ಒಪ್ಪುವುದಿಲ್ಲ. ನಿಜವಾಗಿ ಹೋಗಬೇಕಾ? ಯಾವಾಗ?

ಹೋಗಬೇಕು. ಹಗಲು ಬೆಳಕಿರುವಾಗಲೇ ಹೋಗಬೇಕು.

2021ರ ಮೇ ತಿಂಗಳ ತೌಕ್ತೆ ಚಂಡಮಾರುತವನ್ನು ನೆನಪು ಮಾಡಿಕೊಳ್ಳಿ. ಅದು ದಡ ಮುಟ್ಟಿದ್ದು 17ರಂದು, ಗುಜರಾತಿನಲ್ಲಿ. ಆದರೆ 15ರಂದೇ ನಮ್ಮ ಕರಾವಳಿಯ ಮೂರೂ ಜಿಲ್ಲೆಗಳಲ್ಲಿ ಮನೆಗಳು ಬಿದ್ದವು, ಕರೆಂಟ್ ಕಂಬ ಮುರಿದವು, ಕಡಲು ಅಂಗಳಕ್ಕೆ ನುಗ್ಗಿತು. ಚಂಡಮಾರುತ ಎಂದರೆ ನಕ್ಷೆಯ ಮೇಲಿನ ಒಂದು ಚುಕ್ಕೆ ಅಲ್ಲ. ಅದರ ಗಾಳಿ, ಮಳೆ, ಅಲೆ ನೂರಾರು ಕಿಲೋಮೀಟರ್ ಹರಡಿರುತ್ತವೆ.

ಇನ್ನೊಂದು ವಿಷಯ ಮುಖ್ಯ. ನಮ್ಮ ಕಡೆ ಚಂಡಮಾರುತದ ಗಾಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಅದು ಕಡಲಲ್ಲೇ ನಮ್ಮನ್ನು ದಾಟಿ ಉತ್ತರಕ್ಕೆ ಹೋಗುತ್ತಿದ್ದ ಹಾಗೆ ಇಲ್ಲಿ ಗಾಳಿ ಕಡಲಿಂದ ದಡದ ಕಡೆಗೆ ತಿರುಗುತ್ತದೆ. ಆಗ ಉಬ್ಬರವೂ ಸೇರಿದರೆ ತಡೆಗೋಡೆಯ ಕಲ್ಲು ಸಾಕಾಗುವುದಿಲ್ಲ. ಪಡುಕೆರೆಗಂತೂ ಒಂದು ಕಡೆ ಕಡಲು, ಇನ್ನೊಂದು ಕಡೆ ಉದ್ಯಾವರ ಹೊಳೆ. ಕಡಲು ಏರಿದಾಗ ಅಳಿವೆಯಲ್ಲಿ ಹೊಳೆ ನೀರು ಸರಾಗವಾಗಿ ಇಳಿಯುವುದಿಲ್ಲ, ಹಿಂದೆಯೇ ನಿಲ್ಲುತ್ತದೆ. ಎರಡೂ ಕಡೆಯಿಂದ ನೀರು ಬಂದರೆ ರಾತ್ರಿ ಹೊತ್ತು ಮಕ್ಕಳನ್ನು ಎತ್ತಿಕೊಂಡು ಎಲ್ಲಿಗೆ ಓಡುತ್ತೀರಿ?

ಹವಾಮಾನ ಇಲಾಖೆ ಕರಾವಳಿಯಲ್ಲಿ ಹವೆ ಕೆಡುವ 48 ಗಂಟೆ ಮೊದಲು ಒಮ್ಮೆ, 24 ಗಂಟೆ ಮೊದಲು ಇನ್ನೊಮ್ಮೆ ಎಚ್ಚರಿಸುತ್ತದೆ. ಮೊದಲನೆಯದು ಕಟ್ಟಿಕೊಳ್ಳಲು, ಎರಡನೆಯದು ಹೊರಡಲು. ದೋಣಿ, ಬಲೆ ಮೇಲೆ ಎಳೆದು ಕಟ್ಟಿ. ಮಾಡಿನ ಮೇಲೆ ಬಾಗಿರುವ ತೆಂಗಿನ ಒಣ ಮಡಲು, ಕಾಯಿ ಇಳಿಸಿ, ಹಂಚಿನ ಮನೆಗೆ ಇದು ತುಂಬಾ ಮುಖ್ಯ. ಆಧಾರ್, ರೇಷನ್ ಕಾರ್ಡ್, ಜಾಗದ ಕಾಗದ, ಬ್ಯಾಂಕ್ ಪಾಸ್‌ಬುಕ್ ಎರಡು ಪದರ ಪ್ಲಾಸ್ಟಿಕ್‌ನಲ್ಲಿ ಸುತ್ತಿ. ಅತ್ತೆಯವರ ಬಿಪಿ, ಶುಗರ್ ಮಾತ್ರೆ ಒಂದು ವಾರದ್ದಾದರೂ ಬೇಕು, ಡಾಕ್ಟರ ಚೀಟಿಯ ಸಮೇತ. ಹೊರಡುವಾಗ ಮೇನ್ ಸ್ವಿಚ್, ಗ್ಯಾಸ್ ರೆಗ್ಯುಲೇಟರ್ ಬಂದ್ ಮಾಡಿ. ದನವನ್ನು ಒಟ್ಟಿಗೆ ಕರೆದೊಯ್ಯಲು ಆಗದಿದ್ದರೆ ಹಗ್ಗ ಬಿಚ್ಚಿ ಬಿಡಿ. ಹಟ್ಟಿಯಲ್ಲಿ ಕಟ್ಟಿ ಹೋಗುವುದು ಮಾತ್ರ ಬೇಡ.

ಇನ್ನು ಅತ್ತೆಯವರ ವಿಷಯ. ಹುಟ್ಟಿದಾಗಿನಿಂದ ಕಡಲು ನೋಡಿದವರಿಗೆ ಭಯ ಹುಟ್ಟಿಸಲು ಹೋಗಬೇಡಿ. ಅವರಿಗೆ ಸರ್ಕಾರ ತೆರೆಯುವ ಕಾಳಜಿ ಕೇಂದ್ರದಲ್ಲಿ ಗುರುತಿಲ್ಲದವರ ನಡುವೆ ಮಲಗುವ ಸಂಕೋಚ ಇರಬಹುದು, ಅಲ್ವಾ? ಒಳನಾಡಿನಲ್ಲಿ ಮಗಳ ಮನೆಯೋ ತಮ್ಮನ ಮನೆಯೋ ಇದ್ದರೆ ಎರಡು ದಿನ ಮೊದಲೇ ಅಲ್ಲಿಗೆ ಬಿಟ್ಟು ಬನ್ನಿ. ಸುಮ್ನೆ ನೆಂಟರ ಮನೆಗೆ ಹೋದ ಹಾಗೆ. ನಡೆಯಲು ಆಗದವರಿದ್ದರೆ ಜಿಲ್ಲಾ ಸಹಾಯವಾಣಿ 1077ಕ್ಕೆ ಮೊದಲೇ ಹೇಳಿ.

ಮಳೆ ನಿಂತಿತು, ಬಿಸಿಲು ಬಂತು ಎಂದು ಕೂಡಲೇ ವಾಪಸ್ ಬರಬೇಡಿ. ಗಾಳಿ ದಡದ ಕಡೆ ತಿರುಗುವುದು ಆಮೇಲೆ ಎಂದು ಹೇಳಿದೆನಲ್ಲ, ಕಡಲು ಇನ್ನೂ ಶಾಂತವಾಗಿರುವುದಿಲ್ಲ. ಅಧಿಕಾರಿಗಳು ಹೇಳಿದ ಮೇಲೆ, ಹಗಲು ಹೊತ್ತಿನಲ್ಲಿ ಬನ್ನಿ. ಬಿದ್ದ ತಂತಿ ಕಂಡರೆ ದೂರ ನಿಂತು ಮೆಸ್ಕಾಂನ 1912ಕ್ಕೆ ಫೋನ್ ಮಾಡಿ. ಕಡಲು ನೀರು ಬಾವಿಗೆ ಇಳಿದಿದ್ದರೆ ಕುದಿಸಿದರೂ ಉಪ್ಪು ಹೋಗುವುದಿಲ್ಲ. ಪರೀಕ್ಷೆ ಆಗುವವರೆಗೆ ಕುಡಿಯಲು ಹೊರಗಿನ ನೀರನ್ನೇ ತನ್ನಿ.